ಇಳಕಲ್ಲಿನ ಸಹಿಗೆ ರೆಡ್‌ಮಂಡ್‌ನ ಬೀಗ

2025ರ ಅಕ್ಟೋಬರ್ 14ರಂದು ಅಮೆರಿಕದ ರೆಡ್‌ಮಂಡ್‌ನ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ಬಾಗಲಕೋಟೆ ನವನಗರದ ತೆರಿಗೆ ಸಲಹೆಗಾರರ ಕೋಣೆ, ಬಾದಾಮಿಯ ಝೆರಾಕ್ಸ್ ಅಂಗಡಿ, ಹುನಗುಂದದ ಆನ್‌ಲೈನ್ ಸೆಂಟರ್, ಇಳಕಲ್ಲಿನ ಗ್ರಾನೈಟ್ ಕಚೇರಿ ಇಂಥ ಕಡೆಗಳಲ್ಲಿ ಎಂಟು, ಹತ್ತು ವರ್ಷ ದುಡಿದ ಕಂಪ್ಯೂಟರುಗಳ ಪಾಲಿಗೆ ಇದು ದೊಡ್ಡ ದಿನಾಂಕ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ಹಳೆಯ ಯಂತ್ರವೇನೂ ಕೆಟ್ಟಿರುವುದಿಲ್ಲ. ಪರದೆ ಬೆಳಗುತ್ತದೆ, ಪ್ರಿಂಟರ್ ಓಡುತ್ತದೆ. ಹೊಸ ವಿಂಡೋಸ್ ಮಾತ್ರ ಅದರೊಳಗೆ ಇಳಿಯಲು ಒಪ್ಪುವುದಿಲ್ಲ.

ಇಂಥ ಯಂತ್ರಕ್ಕೆ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಕೆಲಸ ಮಾಡುತ್ತದೆ. ದುಡ್ಡು ಕೊಡಬೇಕಿಲ್ಲ. ಉತಾರ ತೆಗೆಯುವುದು, ರೈಲು ಟಿಕೆಟ್ ಮಾಡುವುದು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಎಲ್ಲ ಫೈರ್‌ಫಾಕ್ಸಿನಲ್ಲೇ ಆಗುತ್ತದೆ. ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ. ಕೆ.ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳ ಬೆರಳಿಗೆಲ್ಲ ರೂಢಿಯಾದ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನ ಜೊತೆಗೇ ಬರುತ್ತದೆ. ಕೆಲಸ ತಡೆದು ನಿಲ್ಲುವುದು ಬೇರೆ ಕಡೆ: ಪೆನ್‌ಡ್ರೈವಿನಂತೆ ಕಾಣುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಚುಚ್ಚಿ ಡಿಜಿಟಲ್ ಸಹಿ ಹಾಕಬೇಕಾದಾಗ, ಇಲ್ಲವೇ ಹೆಬ್ಬೆಟ್ಟಿನ ಯಂತ್ರದ ಮೇಲೆ ಗಿರಾಕಿಯ ಬೆರಳು ಇಡಿಸಬೇಕಾದಾಗ. ಆಗ ತೆರೆದ ಪುಟ ಒಂದು ಪುಟ್ಟ ತಂತ್ರಾಂಶವನ್ನು ಇಳಿಸಿಕೊಳ್ಳಲು ಹೇಳುತ್ತದೆ. ಇಳಿದು ಬರುವ ಕಡತದ ಬಾಲದಲ್ಲಿ ‘ಇಎಕ್ಸ್‌ಇ’ ಎಂದಿರುತ್ತದೆ. ಅದು ವಿಂಡೋಸಿನದು.

ಸರ್ಕಾರದ ಸೇವೆ ಪಡೆಯಲು, ತೆರಿಗೆ ಕಟ್ಟಲು, ಕೂಲಿ ಬಟವಾಡೆ ಮಾಡಲು ಒಂದು ಖಾಸಗಿ ಕಂಪನಿಯ ಸರಕನ್ನೇ ಕೊಂಡಿರಬೇಕು ಎಂಬ ನಿಯಮ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಇಪ್ಪತ್ತೈದು ವರ್ಷಗಳಿಂದ ಅದು ಬರೆಯದ ನಿಯಮವಾಗಿ ನಡೆದುಬಂದಿದೆ.

ಈ ಕತೆಯ ಬೇರು ಬ್ರೌಸರ್‌ಗಳ ಬಾಲ್ಯದಲ್ಲಿದೆ. ಯಾವ ಯಂತ್ರದಲ್ಲಿ ತೆರೆದರೂ ಒಂದೇ ಪುಟ ಕಾಣಬೇಕು ಎಂಬುದು ವೆಬ್‌ನ ಮೂಲ ಆಶಯವಾಗಿತ್ತು. ಆದರೆ ಆಗಿನ ಬ್ರೌಸರಿಗೆ ಅಕ್ಷರ, ಚಿತ್ರ ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ವಿಡಿಯೊ, ಆಟ, ಡಿಜಿಟಲ್ ಸಹಿ ಬೇಕಾದರೆ ಹೊರಗಿನಿಂದ ಒಂದು ತುಣುಕು ತಂದು ಜೋಡಿಸಬೇಕಿತ್ತು, ಅದೇ ಪ್ಲಗಿನ್. ನೆಟ್‌ಸ್ಕೇಪ್ ಕಂಪನಿ ಇದಕ್ಕೆ ಎನ್‌ಪಿಎಪಿಐ ಎಂಬ ವ್ಯವಸ್ಥೆ ಮಾಡಿತು. ಮೈಕ್ರೋಸಾಫ್ಟ್ 1996ರಲ್ಲಿ ಆಕ್ಟಿವ್‌ಎಕ್ಸ್ ತಂದಿತು. ಆಕ್ಟಿವ್‌ಎಕ್ಸ್ ತುಣುಕು ಎಂದರೆ ಅಪ್ಪಟ ವಿಂಡೋಸ್ ಪ್ರೋಗ್ರಾಂ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ತನ್ನ ಮಡಿಲಲ್ಲಿ ಕೂರಿಸಿಕೊಂಡು ಓಡಿಸುತ್ತಿತ್ತು. 2003ರ ಹೊತ್ತಿಗೆ ಜಗತ್ತಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅದೇ ಬ್ರೌಸರ್ ಬಳಸುತ್ತಿದ್ದರು. ತಾಣ ಕಟ್ಟುವವರು ಉಳಿದವರ ಚಿಂತೆ ಬಿಟ್ಟರು.

ಕನ್ನಡದ ಓದುಗರಿಗೆ ಈ ಪೆಟ್ಟು ಮೊದಲು ಬಿದ್ದದ್ದು ಅಕ್ಷರಗಳ ಮೂಲಕ. ಯೂನಿಕೋಡ್ ಇನ್ನೂ ಬಳಕೆಗೆ ಬಾರದ ದಿನಗಳಲ್ಲಿ ಭಾರತೀಯ ಭಾಷೆಗಳ ತಾಣಗಳು ‘ಡೈನಮಿಕ್ ಫಾಂಟ್’ ಬಳಸುತ್ತಿದ್ದವು. ಪುಟದ ಜೊತೆಗೇ ಫಾಂಟ್ ಕೂಡ ಇಳಿದು ಬರುತ್ತಿತ್ತು. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಬಂದ ಈ ಸೌಲಭ್ಯ ಮೈಕ್ರೋಸಾಫ್ಟಿನದೇ ಆದ ಕಡತ ರೂಪವನ್ನು ನೆಚ್ಚಿತ್ತು. ವಿಂಡೋಸಿನಲ್ಲಿ ಕುಳಿತವರಿಗೆ ಕನ್ನಡ ಕಾಣುತ್ತಿತ್ತು. ಲಿನಕ್ಸಿನಲ್ಲಿ ಅದೇ ಪುಟ ತೆರೆದವರಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡ್ ಹರಡಿದ ಮೇಲೆ ಆ ತೊಡಕು ಕರಗಿತು. ಇವತ್ತು ಕನ್ನಡ ಪುಟ ನೋಡಲು ಯಾವ ಕಂಪನಿಯ ಯಂತ್ರವಾದರೂ ಸಾಕು. ಮುಕ್ತ ಮಾನಕಕ್ಕೆ ಬಂದರೆ ಎಂಥ ಹಳೆಯ ಗಂಟೂ ಬಿಚ್ಚಿಕೊಳ್ಳುತ್ತದೆ ಎಂಬುದಕ್ಕೆ ಕನ್ನಡಿಗರ ಕೈಯಲ್ಲೇ ಪುರಾವೆಯಿದೆ.

ಹಾಗಾದರೆ ಲಿನಕ್ಸಿನವರು ಆ ಕಾಲದಲ್ಲಿ ಸುಮ್ಮನೆ ಕುಳಿತಿದ್ದರೇ? ಇಲ್ಲ. 1993ರಲ್ಲೇ ‘ವೈನ್’ ಎಂಬ ಯೋಜನೆ ಆರಂಭವಾಗಿತ್ತು. ವಿಂಡೋಸ್ ಪ್ರೋಗ್ರಾಂ ಒಂದು ತನ್ನ ಯಜಮಾನನಾದ ವಿಂಡೋಸನ್ನು ಏನೇನು ಕೇಳುತ್ತದೆಯೋ ಅದನ್ನೆಲ್ಲ ಲಿನಕ್ಸಿಗೆ ತಿಳಿಯುವ ಕೋರಿಕೆಗಳಾಗಿ ಮಾರ್ಪಡಿಸುವುದು ವೈನ್‌ನ ಕೆಲಸ. 1994ರಿಂದ ಅದರ ನೇತೃತ್ವ ವಹಿಸಿರುವವರು ಅಲೆಕ್ಸಾಂದ್ರ್ ಜುಲಿಯಾರ್. ಹದಿನೈದು ವರ್ಷ ದುಡಿದ ಮೇಲೆ, 2008ರ ಜೂನ್‌ನಲ್ಲಿ ಅದರ 1.0 ಆವೃತ್ತಿ ಹೊರಬಂತು. ಇಷ್ಟು ದೀರ್ಘ ತಾಳ್ಮೆಯ ಕೆಲಸ ತಂತ್ರಾಂಶ ಲೋಕದಲ್ಲಿ ಅಪರೂಪ.

ವೈನ್ ಇದ್ದರೂ ಪ್ಲಗಿನ್ ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ. ಪ್ಲಗಿನ್ ತಾನಾಗಿ ಓಡುವ ಪ್ರೋಗ್ರಾಂ ಅಲ್ಲ, ಬ್ರೌಸರಿನ ಒಳಗೆ ಕುಳಿತು ಕೆಲಸ ಮಾಡುವಂಥದ್ದು. ಬ್ರೌಸರ್ ಲಿನಕ್ಸಿನದು, ಪ್ಲಗಿನ್ ವಿಂಡೋಸಿನದು ಎಂದಾದರೆ ಎರಡೂ ಒಂದೇ ಕಿಟಕಿಯಲ್ಲಿ ಹೇಗೆ ಬಾಳಬೇಕು? ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ನೋಡಲು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಪ್ಲಗಿನ್ ಬೇಕೇಬೇಕು ಎಂಬ ಕಾಲದಲ್ಲಿ ಈ ಪ್ರಶ್ನೆ ಕಾವೇರಿತು. 2012ರಲ್ಲಿ ಎರಿಕ್ ಹೂವರ್ ಎಂಬ ತಂತ್ರಜ್ಞ ವಿಂಡೋಸ್ ಫೈರ್‌ಫಾಕ್ಸನ್ನೇ ವೈನ್‌ನಲ್ಲಿ ಓಡಿಸಿ ನೆಟ್‌ಫ್ಲಿಕ್ಸ್ ತೋರಿಸಿದರು. ಮರುವರ್ಷ ಮೈಕೆಲ್ ಮ್ಯೂಲರ್ ಮತ್ತು ಸೆಬಾಸ್ಟಿಯನ್ ಲಾಕ್ನರ್ ‘ಪೈಪ್‌ಲೈಟ್’ ಬಿಡುಗಡೆ ಮಾಡಿದರು.

ಪೈಪ್‌ಲೈಟಿನ ಉಪಾಯವನ್ನು ಇಳಕಲ್ಲಿನ ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇರಬಹುದು, ಸೆರಗಿಗೆ ರೇಷ್ಮೆ. ಎರಡನ್ನೂ ಮೊದಲೇ ಒಂದೇ ಹಾಸಾಗಿ ಹೂಡುವುದಿಲ್ಲ. ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ತೋಪ ತೆನಿ ಸೆರಗಿನ ಹೆಗ್ಗಳಿಕೆಯೇ ಆ ಕೂಡುಗೆಯಲ್ಲಿದೆ. ಹೀಗಾಗಿಯೇ ಒಂದು ಸೀರೆಗೆ ಬೇಕಾದಷ್ಟೇ ಉದ್ದದ ಹಾಸು ಹೂಡಬೇಕಾಗುತ್ತದೆ, ಮುಂದಿನ ಸೀರೆಗೆ ಮತ್ತೆ ಕುಣಿಕೆ ಹಾಕಬೇಕಾಗುತ್ತದೆ. ಪೈಪ್‌ಲೈಟ್ ಮಾಡಿದ್ದೂ ಇದನ್ನೇ. ಒಂದು ತುಂಡು ಲಿನಕ್ಸಿನದು, ಬ್ರೌಸರಿನ ಒಳಗೆ ಕೂರುತ್ತಿತ್ತು. ಇನ್ನೊಂದು ತುಂಡು ವಿಂಡೋಸಿನದು, ವೈನ್‌ನ ಒಳಗೆ ಕೂತು ಅಸಲಿ ಸಿಲ್ವರ್‌ಲೈಟನ್ನು ಓಡಿಸುತ್ತಿತ್ತು. ನಡುವೆ ‘ಪೈಪ್’ ಎಂಬ ಕೊಳವೆಗಳ ಮೂಲಕ ಒಂದೊಂದೇ ಕೋರಿಕೆ ಆಚೆ ಹೋಗಿ ಉತ್ತರ ಈಚೆ ಬರುತ್ತಿತ್ತು. ನೋಡುವವರಿಗೆ ಕಾಣುತ್ತಿದ್ದುದು ಒಂದೇ ಸೀರೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಿಲ್ವರ್‌ಲೈಟಿನ ನಕಲು ತಡೆಯುವ ಭಾಗವು ತನ್ನ ಕಡತಗಳಿಗೆ ವಿಂಡೋಸ್ ಬಗೆಯ ಅನುಮತಿಗಳಿವೆಯೇ ಎಂದು ಪರೀಕ್ಷಿಸುತ್ತಿತ್ತು. ಲಿನಕ್ಸಿನ ಕಡತಗಳಿಗೆ ಅಂಥ ಅನುಮತಿ ಪಟ್ಟಿ ಇರುವುದಿಲ್ಲವಾದ್ದರಿಂದ ವೈನ್‌ಗೇ ತಿದ್ದುಪಡಿ ಹಾಕಿ ಆ ಮಾಹಿತಿಯನ್ನು ಬೇರೆಡೆ ಬರೆದಿಡುವ ವ್ಯವಸ್ಥೆ ಮಾಡಬೇಕಾಯಿತು. ಈ ತಿದ್ದುಪಡಿಗಳ ಗುಂಪೇ ಬೆಳೆದು ಮುಂದೆ ‘ವೈನ್ ಸ್ಟೇಜಿಂಗ್’ ಆಯಿತು. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಅಷ್ಟರಲ್ಲಿ, 2014ರ ಅಕ್ಟೋಬರ್‌ನಿಂದಲೇ, ಲಿನಕ್ಸಿನ ಕ್ರೋಮ್‌ನಲ್ಲಿ ಯಾವ ಪ್ಲಗಿನ್ನೂ ಇಲ್ಲದೆ ಅದು ಓಡುತ್ತಿತ್ತು. ಹೀಗಾಗಿ ಬಾಗಲಕೋಟೆಯ ಪ್ರೇಕ್ಷಕರಿಗೆ ನೆಟ್‌ಫ್ಲಿಕ್ಸಿಗಾಗಿ ಪೈಪ್‌ಲೈಟಿನ ಹಂಗು ಬೀಳಲೇ ಇಲ್ಲ.

ಸಿನಿಮಾದ ಕಷ್ಟ ಹೀಗೆ ಮುಗಿಯಿತು. ಸಹಿಯ ಕಷ್ಟ ಮುಗಿಯಲಿಲ್ಲ. ಪೈಪ್‌ಲೈಟ್ ಎನ್‌ಪಿಎಪಿಐ ಪ್ಲಗಿನ್‌ಗಳನ್ನು ಮಾತ್ರ ಒಗ್ಗಿಸಬಲ್ಲದಾಗಿತ್ತು. ಆಕ್ಟಿವ್‌ಎಕ್ಸ್ ತುಣುಕು ಅದರ ಕೈಗೆ ಸಿಗುತ್ತಿರಲಿಲ್ಲ. ಮೇಲಾಗಿ ಡಿಜಿಟಲ್ ಸಹಿಯಲ್ಲಿ ತಂತ್ರಾಂಶದ ಜೊತೆ ಒಂದು ಯಂತ್ರಭಾಗವೂ ಇದೆ. ವೈನ್ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುತ್ತದೆ, ಆದರೆ ಯುಎಸ್‌ಬಿ ಸಾಧನಗಳ ವಿಂಡೋಸ್ ಡ್ರೈವರುಗಳು ಸಾಮಾನ್ಯವಾಗಿ ಅದರಲ್ಲಿ ನಡೆಯುವುದಿಲ್ಲ. ಟೋಕನ್ ಕಣ್ಣೆದುರಿಗೇ ಮಿನುಗುತ್ತಿದ್ದರೂ ಪ್ರೋಗ್ರಾಮಿಗೆ ಅದು ಕಾಣುವುದಿಲ್ಲ.

ಭಾರತದಲ್ಲಿ ಡಿಜಿಟಲ್ ಸಹಿಗೆ ಕಾನೂನಿನ ಬಲ ಬಂದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ. ಸಹಿ ಹಾಕುವ ಗುಪ್ತ ಕೀಲಿ ಟೋಕನ್ನಿನ ಚಿಪ್ಪಿನೊಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ದಾಖಲೆಯ ಸಾರಾಂಶ ಒಳಗೆ ಹೋಗುತ್ತದೆ, ಪಿನ್ ಒತ್ತಿದರೆ ಸಹಿಯಾಗಿ ಹೊರಬರುತ್ತದೆ. ಈ ಚಿಪ್ಪಿಗೆ ಎರಡು ಬಾಗಿಲುಗಳಿವೆ. ಒಂದು ಮೈಕ್ರೋಸಾಫ್ಟಿನ ಸ್ವಂತದ್ದು, ವಿಂಡೋಸಿನಲ್ಲಿ ಮಾತ್ರ ತೆರೆಯುವಂಥದ್ದು. ಇನ್ನೊಂದು ‘ಪಿಕೆಸಿಎಸ್ 11’ ಎಂಬ ಮುಕ್ತ ಮಾನಕ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲ ಕಡೆಯೂ ನಡೆಯುತ್ತದೆ. ತಾಣ ಕಟ್ಟಿದವರು ಮೊದಲನೆಯ ಬಾಗಿಲನ್ನಷ್ಟೇ ತಟ್ಟುವಂತೆ ಬರೆದಿದ್ದರೆ ಲಿನಕ್ಸಿನವರು ಹೊರಗೇ ಉಳಿಯುತ್ತಾರೆ. ಬ್ರೌಸರಿನಲ್ಲಿ ಓಡುತ್ತಿದ್ದ ಪುಟ್ಟ ಪ್ರೋಗ್ರಾಂಗಳಾದ ಜಾವಾ ಆಪ್ಲೆಟ್‌ಗಳ ಕಾಲದಲ್ಲೂ ಇದೇ ಗೋಳು ಎದುರಾಗಬಹುದಿತ್ತು. ಜಾವಾ ಎಲ್ಲ ಯಂತ್ರಗಳಲ್ಲಿ ಓಡುತ್ತದೆ ನಿಜ, ಆದರೆ ಅದರೊಳಗಿಂದ ವಿಂಡೋಸಿನ ಕೀಲಿ ಪೆಟ್ಟಿಗೆಯನ್ನೇ ಕರೆದರೆ ಆ ಗುಣ ವ್ಯರ್ಥ.

ಹಳೆಯ ಪ್ಲಗಿನ್‌ಗಳು ಒಂದೊಂದಾಗಿ ನಿಂತುಹೋದವು. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಎನ್‌ಪಿಎಪಿಐಗೆ ಬಾಗಿಲು ಹಾಕಿದವು; ಫೈರ್‌ಫಾಕ್ಸಿನಲ್ಲಿ ಫ್ಲ್ಯಾಶ್ ಒಂದಕ್ಕೆ ಮಾತ್ರ ವಿನಾಯಿತಿ ಉಳಿಯಿತು. 2020ರ ಕೊನೆಗೆ ಫ್ಲ್ಯಾಶ್, 2021ರ ಅಕ್ಟೋಬರ್‌ನಲ್ಲಿ ಸಿಲ್ವರ್‌ಲೈಟ್, 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು. ಯಾರೋ ಕಳಿಸಿದ ಪ್ರೋಗ್ರಾಂ ಬ್ರೌಸರಿನ ಮೂಲಕ ಒಳಗೆ ನುಗ್ಗಿ ಇಡೀ ಕಂಪ್ಯೂಟರನ್ನು ಆಳುವ ವ್ಯವಸ್ಥೆ ಹೆಚ್ಚು ಕಾಲ ಉಳಿಯುವಂಥದ್ದಾಗಿರಲಿಲ್ಲ.

ಆದರೆ ಅದೇ ಕೆಲಸ ಇನ್ನೊಂದು ವೇಷದಲ್ಲಿ ಬಂತು. ಈಗ ತುಣುಕು ಬ್ರೌಸರಿನ ಒಳಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಸದಾ ಎಚ್ಚರವಾಗಿದ್ದು, 127.0.0.1 ಎಂಬ ಒಳವಿಳಾಸದಲ್ಲಿ ಕಿವಿಗೊಟ್ಟಿರುತ್ತದೆ. ಬ್ರೌಸರಿನಲ್ಲಿ ತೆರೆದ ಪುಟ ಆ ವಿಳಾಸಕ್ಕೆ ಕರೆ ಕಳಿಸಿ ‘ಈ ದಾಖಲೆಗೆ ಸಹಿ ಹಾಕು’ ಎನ್ನುತ್ತದೆ. ಜಿಎಸ್‌ಟಿ ತಾಣದಲ್ಲಿ ಡಿಎಸ್‌ಸಿ ಸಹಿಗೆ ಬಳಸುವ ಎಂಸೈನರ್ ಈ ಬಗೆಯದು. ಅದರ ತಯಾರಕರಾದ ಇಮುದ್ರಾ ಬೆಂಗಳೂರಿನವರು. ಆಧಾರ್ ಹೆಬ್ಬೆಟ್ಟಿನ ‘ಆರ್‌ಡಿ ಸರ್ವಿಸ್’ ಕೂಡ ಇದೇ ಜಾತಿ, 11100ರಿಂದ 11120ರವರೆಗಿನ ಪೋರ್ಟ್‌ಗಳಲ್ಲಿ ಕಾಯುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಯಾವ ಬ್ರೌಸರ್ ಆದರೂ ನಡೆಯುತ್ತದೆ ಎನಿಸುತ್ತದೆ. ಪಕ್ಕದಲ್ಲಿ ಕೂತ ಪ್ರೋಗ್ರಾಮಿನ ಲಿನಕ್ಸ್ ರೂಪವನ್ನು ತಯಾರಕರು ಕೊಡದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ಲಿನಕ್ಸಿಗೆ ಈ ಕೆಲಸ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಅದೇ ಹೆಬ್ಬೆಟ್ಟಿನ ಯಂತ್ರವನ್ನು ಮೊಬೈಲಿಗೆ ಚುಚ್ಚಿ, ‘ಅಜ್ಜಾರ, ಬೆರಳು ಇಡ್ರಿ’ ಎಂದು ಊರೂರಲ್ಲಿ ದುಡ್ಡು ತೆಗೆದುಕೊಡುವ ಬ್ಯಾಂಕ್ ಮಿತ್ರರಿದ್ದಾರೆ. ಆ ಮೊಬೈಲಿನ ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಕರ್ನಲ್ ಮೇಲೆಯೇ. ತಯಾರಕರು ಮನಸ್ಸು ಮಾಡಿದ ಕಡೆ ಕೆಲಸ ನಡೆದಿದೆ. (ಹಗಲಿಡೀ ನೂಲಿನೊಡನೆ ಒಡನಾಡಿ ಬೆರಳ ಗೆರೆ ಸವೆದ ನೇಕಾರರನ್ನು ಈ ಯಂತ್ರ ಗುರುತಿಸದೆ ಹೋಗುವುದು ಬೇರೆಯೇ ಒಂದು ಸಂಕಟ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಬಾಗಲಕೋಟೆ ಜಿಲ್ಲೆಯಲ್ಲಿ ಯಾರಿಗೆ ಇದರ ಭಾರ ಹೆಚ್ಚು? ಜಿಎಸ್‌ಟಿಯನ್ನೇ ನೋಡಬಹುದು. ಇಳಕಲ್ಲಿನಲ್ಲಿ ಒಬ್ಬರೇ ಮಾಲೀಕರಾಗಿ ಸೀರೆ ಅಂಗಡಿ ನಡೆಸುವವರು ಮೊಬೈಲಿಗೆ ಬರುವ ಓಟಿಪಿ ಹಾಕಿ ರಿಟರ್ನ್ ಸಲ್ಲಿಸಬಹುದು. ಅವರ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೂ ತಕರಾರಿಲ್ಲ. ಅದೇ ಊರಿನ ಗ್ರಾನೈಟ್ ವಹಿವಾಟು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಗಿದ್ದರೆ ಡಿಎಸ್‌ಸಿ ಬೇಕು. ಸರ್ಕಾರಿ ಟೆಂಡರ್ ಹಾಕುವ ಗುತ್ತಿಗೆದಾರರಿಗೂ ಅದು ತಪ್ಪಿದ್ದಲ್ಲ.

ಪಂಚಾಯಿತಿಗಳಲ್ಲಿ ಈ ಟೋಕನ್ನಿನ ತೂಕ ಇನ್ನೂ ಹೆಚ್ಚು. ಇ-ಸ್ವತ್ತು ವ್ಯವಸ್ಥೆಯಲ್ಲಿ ಮನೆ, ನಿವೇಶನದ ನಮೂನೆ 9 ಮತ್ತು 11ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಡಿಜಿಟಲ್ ಸಹಿ ಹಾಕಬೇಕು. ನರೇಗಾ ಕೂಲಿ ಪಾವತಿಗೆ ಎಫ್‌ಟಿಒ ಎಂಬ ಹಣ ವರ್ಗಾವಣೆ ಆದೇಶದ ಪದ್ಧತಿ ಬಂದಾಗ ಅದಕ್ಕೆ ಇಬ್ಬರ ಡಿಜಿಟಲ್ ಸಹಿ ಬೇಕಾಯಿತು. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ತಾಲ್ಲೂಕುಗಳ ಬದುವಿನ ಕೆಲಸಕ್ಕೆ ಹೋದವರ ಕೂಲಿ ಹೊರಡಬೇಕಾದರೆ ಎರಡು ಟೋಕನ್‌ಗಳು ಕಂಪ್ಯೂಟರಿಗೆ ಕಾಣಿಸಬೇಕು. ಡ್ರೈವರ್ ಹಳೆಯದಾದರೂ ಸಹಿ ನಿಲ್ಲುತ್ತದೆ, ವಿಂಡೋಸ್ ಬದಲಾದರೂ ನಿಲ್ಲುತ್ತದೆ. ಒಂದೇ ಕಂಪನಿಯ ಒಂದೇ ಆವೃತ್ತಿಗೆ ಇಷ್ಟು ದೊಡ್ಡ ಕೆಲಸವನ್ನು ಕಟ್ಟಿಹಾಕುವುದು ಸರಿಯೇ ಎಂಬ ಪ್ರಶ್ನೆ ಲಿನಕ್ಸ್ ಅಭಿಮಾನಿಗಳದ್ದಷ್ಟೇ ಆಗಿ ಉಳಿಯಬಾರದು.

ಹೀಗೆ ಕಟ್ಟಿಹಾಕಿಕೊಂಡ ದೇಶಗಳಲ್ಲಿ ದಕ್ಷಿಣ ಕೊರಿಯಾದ ಉದಾಹರಣೆ ಎದ್ದು ಕಾಣುತ್ತದೆ. ಬಲವಾದ ಗೂಢಲಿಪಿಯ ರಫ್ತಿಗೆ ಅಮೆರಿಕ ನಿರ್ಬಂಧ ಹೇರಿದ್ದ ಕಾಲದಲ್ಲಿ ಕೊರಿಯಾ ‘ಸೀಡ್’ ಎಂಬ ತನ್ನದೇ ಗೂಢಲಿಪಿ ಕಟ್ಟಿತು. ಬ್ರೌಸರುಗಳಿಗೆ ಅದು ಗೊತ್ತಿಲ್ಲದ ಕಾರಣ ಆಕ್ಟಿವ್‌ಎಕ್ಸ್ ಮೂಲಕ ಸೇರಿಸಿತು. ಬ್ಯಾಂಕು, ಅಂಗಡಿ, ಸರ್ಕಾರ ಎಲ್ಲವೂ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಅಂಟಿಕೊಂಡವು. 2014ರಲ್ಲಿ ಅಲ್ಲಿನ ಜನಪ್ರಿಯ ಧಾರಾವಾಹಿಯೊಂದರ ನಾಯಕಿ ತೊಟ್ಟಿದ್ದ ಕೋಟನ್ನು ಕೊಳ್ಳಲು ಹೊರದೇಶದ ಅಭಿಮಾನಿಗಳಿಗೆ ಈ ಪ್ಲಗಿನ್‌ಗಳಿಂದಾಗಿ ಆಗುತ್ತಿಲ್ಲ ಎಂದು ಸ್ವತಃ ಅಧ್ಯಕ್ಷೆ ಪಾರ್ಕ್ ಗುನ್ ಹೇ ಎತ್ತಿ ಆಡಿದರು. ಸರ್ಕಾರ ಮಾನ್ಯ ಮಾಡಿದ ಪ್ರಮಾಣಪತ್ರಗಳ ಏಕಸ್ವಾಮ್ಯ ಕಾನೂನಿನಿಂದ ಕೊನೆಗೊಂಡದ್ದು 2020ರ ಡಿಸೆಂಬರ್‌ನಲ್ಲಿ. ಹಾಕಿಕೊಂಡ ಗಂಟು ಬಿಚ್ಚಲು ಎರಡು ದಶಕ ಹಿಡಿಯಿತು.

ಭಾರತದಲ್ಲಿ ಕಾಗದದ ಮೇಲೆ ನೀತಿಗೆ ಕೊರತೆಯಿಲ್ಲ. ಇ-ಆಡಳಿತದಲ್ಲಿ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ಕೇಂದ್ರ ನೀತಿ 2010ರಲ್ಲಿ, ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ 2015ರಲ್ಲಿ ಬಂದವು. ಸಿ-ಡ್ಯಾಕ್ ಸಂಸ್ಥೆ ‘ಬಾಸ್’ ಎಂಬ ಲಿನಕ್ಸನ್ನೇ ಕಟ್ಟಿಕೊಟ್ಟಿದೆ. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸಿಗೆ ಹೊರಳಿ ಎಷ್ಟೋ ವರ್ಷಗಳಾದವು. ಕರ್ನಾಟಕದಲ್ಲೂ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೂಡಿ ನಡೆಸಿದ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಕಲಿತಿದ್ದಾರೆ. ಬಾಗಲಕೋಟೆಯಲ್ಲಿ 1963ರಿಂದ ನಡೆಯುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಸೇರಿರುವ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯಲ್ಲಿ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಪಾಠವಾಗಿಯೇ ಬಂದಿದೆ. ಕಲಿತವರು ಜಿಲ್ಲೆಯಲ್ಲೇ ಇದ್ದಾರೆ. ಕಲಿತದ್ದನ್ನು ಊರಿನ ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ಬಳಸಲು ಹೊರಟರೆ ಒಂದು ಸಹಿಯ ಪ್ರೋಗ್ರಾಂ ಅಡ್ಡ ನಿಲ್ಲಬಹುದು ಎಂಬುದೇ ನೋವಿನ ಸಂಗತಿ.

ದಾರಿಗಳು ಇಲ್ಲದಿಲ್ಲ. 2015ರಿಂದ ಬಳಕೆಗೆ ಬಂದ ಆಧಾರ್ ಇ-ಸೈನ್‌ನಲ್ಲಿ ಓಟಿಪಿ ಕೊಟ್ಟರೆ ಸಹಿ ಸರ್ವರಿನಲ್ಲೇ ಆಗುತ್ತದೆ. ಟೋಕನ್ ಬೇಡ, ಡ್ರೈವರ್ ಬೇಡ, ಯಾವ ಬ್ರೌಸರ್ ಆದರೂ ಸಾಕು. ಎಲ್ಲ ಕೆಲಸಕ್ಕೂ ಅದು ಒಪ್ಪಿತವಲ್ಲ, ಆದರೆ ಒಪ್ಪಿತವಾದ ಕಡೆ ಅದನ್ನೇ ಆರಿಸಿಕೊಳ್ಳುವುದು ಜಾಣತನ. ಟೋಕನ್ ಬಳಸಲೇಬೇಕಾದವರು ಮೊದಲು ಪಿಕೆಸಿಎಸ್ 11 ಬಾಗಿಲನ್ನು ತಟ್ಟಿ ನೋಡಬಹುದು. ನಮ್ಮಲ್ಲಿ ಹೆಚ್ಚು ಕಾಣುವ ಇಪಾಸ್ 2003 ಟೋಕನ್ನನ್ನು ‘ಓಪನ್‌ಎಸ್‌ಸಿ’ ಎಂಬ ಮುಕ್ತ ತಂತ್ರಾಂಶ ಗುರುತಿಸುತ್ತದೆ. ಫೈರ್‌ಫಾಕ್ಸಿನ ಭದ್ರತಾ ಸಾಧನಗಳ ಪಟ್ಟಿಯಲ್ಲಿ ಅದರ ಲೈಬ್ರರಿಯನ್ನು ಸೇರಿಸಿದರೆ ಟೋಕನ್ನಿನೊಳಗಿನ ಪ್ರಮಾಣಪತ್ರ ಕಾಣುತ್ತದೆ, ಲಿಬ್ರೆಆಫೀಸ್ ಮೂಲಕ ಪಿಡಿಎಫ್‌ಗೆ ಸಹಿ ಹಾಕಲೂ ಅದು ಸಿಗುತ್ತದೆ.

ಅದೂ ಸಾಲದ ತಾಣಗಳಿಗೆ ವರ್ಚುವಲ್‌ಬಾಕ್ಸ್ ಇದೆ. ಲಿನಕ್ಸಿನ ಒಳಗೇ ಒಂದು ಪೂರ್ತಿ ವಿಂಡೋಸ್ ಕೂರಿಸಿ, ಯುಎಸ್‌ಬಿ ಟೋಕನ್ನನ್ನು ನೇರವಾಗಿ ಅದಕ್ಕೆ ಒಪ್ಪಿಸುವ ವ್ಯವಸ್ಥೆ ಅದು. ಸಾಧನಗಳ ವಿಷಯದಲ್ಲಿ ಇದು ವೈನ್‌ಗಿಂತ ಹೆಚ್ಚು ನಂಬಬಹುದಾದದ್ದು. ಆದರೆ ವಿಂಡೋಸಿನ ಲೈಸೆನ್ಸ್ ಬೇಕೇಬೇಕು, ಕಂಪ್ಯೂಟರಿನಲ್ಲಿ 8 ಜಿಬಿಯಾದರೂ ರ‍್ಯಾಮ್ ಇದ್ದರೆ ಒಳ್ಳೆಯದು. ಸಹಿಗೊಂದೇ ಎಂದು ಒಂದು ವಿಂಡೋಸ್ ಯಂತ್ರ ಇಟ್ಟುಕೊಂಡು ಉಳಿದವನ್ನು ಲಿನಕ್ಸಿಗೆ ಹೊರಳಿಸುವುದು ಅಂಗಡಿಯವರಿಗೆ ಸದ್ಯಕ್ಕೆ ಎಲ್ಲಕ್ಕಿಂತ ಅಗ್ಗದ ಏರ್ಪಾಡು. ಆ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ ಅವಧಿಯ ಮಿತಿ ನೆನಪಿರಲಿ: ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೂ ಅದು ಸಿಗುವುದು 2026ರ ಅಕ್ಟೋಬರ್ 13ರವರೆಗೆ.

ಡಿಎಸ್‌ಸಿಯನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಹೊಸ ಟೋಕನ್ ಅಥವಾ ಹೆಬ್ಬೆಟ್ಟಿನ ಯಂತ್ರ ಕೊಳ್ಳುವ ಆ ಹೊತ್ತಿನಲ್ಲಿ ಮಾರುವವರನ್ನು ಎರಡು ಮಾತು ಕೇಳಬಹುದು: ಲಿನಕ್ಸಿಗೆ ಇದರ ಪಿಕೆಸಿಎಸ್ 11 ಲೈಬ್ರರಿ ಕೊಡುತ್ತೀರಾ, ಆರ್‌ಡಿ ಸರ್ವಿಸ್ ಉಬುಂಟುವಿನಲ್ಲಿ ನಡೆಯುತ್ತದೆಯೇ. ಇದೇ ಎರಡು ಮಾತನ್ನು ಜಿಲ್ಲಾ ಪಂಚಾಯಿತಿಯೊಂದು ತನ್ನ ಖರೀದಿ ಟೆಂಡರಿನ ಷರತ್ತುಗಳಲ್ಲಿ ಬರೆದರೆ ತಯಾರಕರಿಗೆ ಸಾವಿರ ಬಿಡಿ ಗಿರಾಕಿಗಳ ಮನವಿಗಿಂತ ಬೇಗ ಕೇಳಿಸುತ್ತದೆ. ಕೇಂದ್ರದ 2010ರ ನೀತಿ ಅದಕ್ಕೆ ಆಧಾರವಾಗಿ ಈಗಾಗಲೇ ಇದೆ.